ಕಸ ಯಾರದು, ಸೆಲ್ಲು ಯಾರದು?

ಹೋದ ತಿಂಗಳು ಅಶೋಕಪುರಂನಲ್ಲಿ ಸೇರಿದ್ದ ನಮ್ಮ ಸಭೆ ಜಗಳದಲ್ಲಿ ಮುಗಿಯಿತು. ಜಗಳ ಮೀಸಲಾತಿಯ ಮೇಲಲ್ಲ, ಚುನಾವಣೆಯ ಮೇಲಲ್ಲ, ಬ್ಯಾಟರಿಯ ಮೇಲೆ. ನಗುವವರು ನಗಲಿ. ಪೂರ್ತಿ ಕೇಳಿದ ಮೇಲೆ ನಗಲಿ.

ನಾವು ಕೆಲವರು ಒಂದು ಮಾತು ಮುಂದಿಟ್ಟಿದ್ದೆವು. ಜನ ಬಿಸಾಕುವ ಲ್ಯಾಪ್‌ಟಾಪು, ಪವರ್ ಬ್ಯಾಂಕು, ಮಕ್ಕಳ ಆಟದ ಸಾಮಾನು, ಕೈಯಲ್ಲಿ ಹಿಡಿಯುವ ಫ್ಯಾನು, ಕಿವಿಗೆ ಸಿಕ್ಕಿಸುವ ಇಯರ್‌ಬಡ್ಡು, ಇವುಗಳ ಹೊಟ್ಟೆಯಲ್ಲಿ ಲೀಥಿಯಂ ಸೆಲ್ಲುಗಳಿರುತ್ತವೆ. ಸಾಮಾನು ಕೆಟ್ಟಿರುತ್ತದೆ, ಸೆಲ್ಲು ಎಷ್ಟೋ ಸಲ ಕೆಟ್ಟಿರುವುದಿಲ್ಲ. ಅದನ್ನು ಬಿಚ್ಚಿ, ಪರೀಕ್ಷೆ ಮಾಡಿ, ಮತ್ತೆ ದೀಪಕ್ಕೋ ಫ್ಯಾನಿಗೋ ಹಚ್ಚುವ ಕೆಲಸವನ್ನು ಭಾನುವಾರದ ತರಗತಿಯಲ್ಲಿ ನಮ್ಮ ಹುಡುಗ ಹುಡುಗಿಯರಿಗೆ ಕಲಿಸೋಣ ಎಂದೆವು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಎದ್ದು ನಿಂತರು. ಪೌರಕಾರ್ಮಿಕರಾಗಿ ಮೂವತ್ತು ವರ್ಷ ದುಡಿದು ಬಿಟ್ಟವರು. "ನಮ್ಮಪ್ಪ ತಲೆ ಮ್ಯಾಲೆ ಹೇಲು ಹೊತ್ತ. ನಾನು ಕಸ ಹೊತ್ತೆ. ನನ್ನ ಮೊಮ್ಮಗ ಓದ್ತಾವ್ನೆ. ಅವನ ಕೈಗೆ ನೀವು ತಿರುಗಾ ಕಸಾನೇ ಕೊಡ್ತೀರೇನ್ರಪ್ಪಾ? ಹೆಸ್ರು ಬದಲಾಯಿಸಿಬುಟ್ರೆ ಕಸ ಕಸ ಅಲ್ದೇ ಹೋಯ್ತದಾ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೈಕು ಹಿಡಿದಿದ್ದವನು ಪರಿಸರ, ತಂತ್ರಜ್ಞಾನ ಅಂತ ಏನೋ ತೊದಲಿದ. ಹಿರಿಯರು ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಹೊರಟೇ ಹೋದರು. ಅವರ ಹಿಂದೆ ಇನ್ನೂ ಏಳೆಂಟು ಜನ ಹೋದರು. ಅವತ್ತು ಕೊಡಲಾರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಅವರಿಗೆ ಓದಲು ಬರುವುದಿಲ್ಲ, ಮೊಮ್ಮಗ ಓದಿ ಹೇಳುತ್ತಾನೆ.

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇವೆ. ಆ ಹಿರಿಯರು ಕೇಳಿದ್ದು ಬಾಬಾಸಾಹೇಬರು ಕೇಳಿದ ಪ್ರಶ್ನೆಯನ್ನೇ. ೧೯೨೭ರಲ್ಲಿ ಮಹಾಡ್‌ನಲ್ಲಿ ಸತ್ತ ದನದ ಮಾಂಸ ಬಿಡಿ ಎಂದು ಅವರು ಹೇಳಿದರು. ಸತ್ತ ದನ ಹೊರುವುದನ್ನು ಬಿಟ್ಟರೆ ಚರ್ಮದ ವರಮಾನ, ಕೊಂಬಿನ ವರಮಾನ ಎಲ್ಲ ಕಳೆದುಕೊಳ್ಳುತ್ತೀರಿ ಎಂದು ಪತ್ರಿಕೆಯಲ್ಲಿ ಲೆಕ್ಕ ಬರೆದು ತೋರಿಸಿದ ಬುದ್ಧಿವಂತರಿದ್ದರು. ೧೯೫೬ರ ನಾಗಪುರದ ಭಾಷಣದಲ್ಲಿ ಬಾಬಾಸಾಹೇಬರು ಅವರನ್ನು ನೆನೆಸಿಕೊಂಡು ಉತ್ತರ ಕೊಟ್ಟರು. ಅಷ್ಟು ಲಾಭ ಇದ್ದರೆ ದನಾನೂ ನೀವೇ ಹೊರಿ, ಲಾಭಾನೂ ನೀವೇ ಇಟ್ಟುಕೊಳ್ಳಿ ಎಂಬುದು ಅದರ ತಾತ್ಪರ್ಯ. ನಮ್ಮ ನಾಡಿನಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ೧೯೭೦ರ ದಶಕದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು ೧೯೭೩ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬೂಸಾ ಎಂಬ ಒಂದು ಪದ ಆಡಿದ್ದಕ್ಕೆ ಮಂತ್ರಿಗಿರಿ ಬಿಡಬೇಕಾಯಿತು. ಯಾವುದು ಬೂಸಾ, ಯಾವುದು ಕಾಳು ಅನ್ನುವುದನ್ನು ನಮ್ಮವರು ಹೇಳಿದರೆ ಈ ಊರಿನ ದೊಡ್ಡವರಿಗೆ ತಡೆಯುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇವೆ.

ಈಗ ಕಾಲ ಬದಲಾಗಿದೆ, ಲೆಕ್ಕ ತೋರಿಸುವವರು ಬದಲಾಗಿಲ್ಲ. ಎಲೆಕ್ಟ್ರಾನಿಕ್ ಕಸದಲ್ಲಿ ಚಿನ್ನ ಇದೆ, ತಾಮ್ರ ಇದೆ, ಲೀಥಿಯಂ ಇದೆ, ಅದು ನಗರದ ಗಣಿ ಎಂದು ಸೆಮಿನಾರುಗಳಲ್ಲಿ ಭಾಷಣ ಮಾಡುತ್ತಾರೆ. ಶಾಲೆಗಳಲ್ಲಿ 'ಕಸದಿಂದ ರಸ' ಅಂತ ಸ್ಪರ್ಧೆ ಇಡುತ್ತಾರೆ. ಸ್ವಾಮಿ, ಈ ದೇಶದಲ್ಲಿ ಕಸ ಯಾವಾಗಲೂ ಒಂದು ಕೇರಿಗೆ, ರಸ ಇನ್ನೊಂದು ಬೀದಿಗೆ. ಮೈಸೂರಿಗೆ ದೇಶದ ಅತಿ ಸ್ವಚ್ಛ ನಗರ ಎಂಬ ಪಟ್ಟ ೨೦೧೫ರಲ್ಲಿ ಬಂತು, ೨೦೧೬ರಲ್ಲಿ ಮತ್ತೆ ಬಂತು. ಫೋಟೋದಲ್ಲಿ ಅರಮನೆ ಇತ್ತು. ಬೆಳಗಿನ ಜಾವ ಸೀಟಿ ಊದಿಕೊಂಡು ಮನೆ ಮನೆ ಕಸ ಎತ್ತಿದ ಹೆಂಗಸಿನ ಮುಖ ಎಷ್ಟು ಜನಕ್ಕೆ ಗೊತ್ತು? ಆ ಕೆಲಸ ಮಾಡುವವರಲ್ಲಿ ಬಹುಪಾಲು ಯಾರು ಅನ್ನುವುದು ಎಲ್ಲರಿಗೂ ಗೊತ್ತು. ಊರಿನ ಕಸ ಹೋಗಿ ಬಿದ್ದು ಗುಡ್ಡವಾದದ್ದು ವಿದ್ಯಾರಣ್ಯಪುರಂನ ಸೂಯೇಜ್ ಫಾರಂನಲ್ಲಿ. ಊರು ಸ್ವಚ್ಛವಾಯಿತು ಅಂದರೆ ಕಸ ಮಾಯವಾಯಿತು ಅಂತಲ್ಲ. ಇನ್ನೊಬ್ಬರ ಮೂಗಿನ ಮುಂದೆ ಹೋಯಿತು ಅಂತ.

ಇಷ್ಟೆಲ್ಲ ಗೊತ್ತಿದ್ದೂ ನಾವು ಸೆಲ್ಲಿನ ಮಾತು ಯಾಕೆ ಎತ್ತುತ್ತೇವೆ? ಯಾಕೆಂದರೆ ಆ ಸೆಲ್ಲು ಈಗಾಗಲೇ ನಮ್ಮ ಕೈಯಲ್ಲಿದೆ. ತಗೊಳ್ಳಿ ಅಂತ ನಾವು ಯಾರಿಗೂ ಕೊಡಬೇಕಾಗಿಲ್ಲ. ದಿನಾ ಬೆಳಿಗ್ಗೆ ಕಸದ ಗಾಡಿಯಲ್ಲಿ ಬರುತ್ತಿದೆ, ಗುಜರಿ ಚೀಲದಲ್ಲಿ ಬರುತ್ತಿದೆ. ಗಾಡಿಯಲ್ಲಿ ಕಸ ಒತ್ತಿದಾಗ ಲೀಥಿಯಂ ಸೆಲ್ಲು ಜಜ್ಜಿಹೋದರೆ ಬೆಂಕಿ ಹತ್ತುತ್ತದೆ, ವಿಷದ ಹೊಗೆ ಏಳುತ್ತದೆ. ಆ ಹೊಗೆ ಮೊದಲು ಕುಡಿಯುವವರು ಯಾರು? ನಮಗೆ ಬಿಟ್ಟಿರುವುದು ಮುಟ್ಟುವುದೋ ಬಿಡುವುದೋ ಎಂಬ ಆಯ್ಕೆ ಅಲ್ಲ. ಅರಿತು ಮುಟ್ಟುವುದೋ ಅರಿಯದೆ ಸುಟ್ಟುಕೊಳ್ಳುವುದೋ ಎಂಬುದು.

ಈ ಸೆಲ್ಲು ಏನು ಅಂತ ವಸಿ ಬಿಡಿಸಿ ಹೇಳುತ್ತೇವೆ. ಹಳ್ಳಿ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಹೇಳಬಹುದು.

ಟಾರ್ಚಿಗೆ ಹಾಕಿ ಬಿಸಾಕುವ ಹಳೇ ಕಾಲದ ಸೆಲ್ಲು ಒಂದೂವರೆ ವೋಲ್ಟಿನದು, ಖಾಲಿಯಾದರೆ ಮುಗಿಯಿತು. ಲೀಥಿಯಂ ಅಯಾನ್ ಸೆಲ್ಲು ಹಾಗಲ್ಲ. ಅದು ೧೯೯೧ರಲ್ಲಿ ಮಾರುಕಟ್ಟೆಗೆ ಬಂತು, ಅದನ್ನು ಕಟ್ಟಿದ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಸಿಕ್ಕಿತು. ಒಂದು ಸೆಲ್ಲಿನ ಸಾಧಾರಣ ಒತ್ತಡ ೩.೭ ವೋಲ್ಟು, ತುಂಬಿದಾಗ ೪.೨. ನೂರಾರು ಸಲ ತುಂಬಬಹುದು, ಖಾಲಿ ಮಾಡಬಹುದು. ಲ್ಯಾಪ್‌ಟಾಪಿನ ಹಳೇ ಬ್ಯಾಟರಿ ಬಿಚ್ಚಿದರೆ ಕೈಬೆರಳಿಗಿಂತ ದಪ್ಪನೆಯ ದುಂಡು ಸೆಲ್ಲುಗಳು ಸಿಗುತ್ತವೆ. ೧೮ ಮಿಲಿಮೀಟರ್ ದಪ್ಪ, ೬೫ ಮಿಲಿಮೀಟರ್ ಉದ್ದ, ಅದಕ್ಕೇ ಅದರ ಹೆಸರು ೧೮೬೫೦. ಸಾಮಾನ್ಯವಾಗಿ ಒಂದು ಬ್ಯಾಟರಿಯಲ್ಲಿ ಆರು, ಎರಡೆರಡರಂತೆ ಮೂರು ಜೋಡಿ. ಒಂದು ಜೋಡಿ ಸೊರಗಿದರೆ ಒಳಗಿರುವ ಕಾವಲು ಸರ್ಕ್ಯೂಟು ಇಡೀ ಬ್ಯಾಟರಿಯನ್ನೇ ಮುಚ್ಚಿಬಿಡುತ್ತದೆ. ಲ್ಯಾಪ್‌ಟಾಪಿನವರು ಬ್ಯಾಟರಿ ಸತ್ತಿತು ಅನ್ನುತ್ತಾರೆ. ಮಿಕ್ಕ ನಾಲ್ಕು ಸೆಲ್ಲು ಉಸಿರಾಡುತ್ತಲೇ ಗುಜರಿಗೆ ಬರುತ್ತವೆ. ಹೊಸದರಲ್ಲಿ ೨೨೦೦ ಮಿಲಿಆಂಪ್ ಗಂಟೆಯ ಶಕ್ತಿ ಇದ್ದ ಸೆಲ್ಲು ಅರ್ಧಕ್ಕೆ ಇಳಿದಿದ್ದರೂ ಒಂದು ವ್ಯಾಟಿನ ಎಲ್‌ಇಡಿ ದೀಪವನ್ನು ಮೂರು ಗಂಟೆಗೂ ಮೇಲೆ ಉರಿಸುತ್ತದೆ. ಹಾಸ್ಟೆಲ್ಲಿನಲ್ಲಿ ಕರೆಂಟು ಹೋದ ರಾತ್ರಿ ಓದಿದವರಿಗೆ ಮೂರು ಗಂಟೆ ಅಂದರೆ ಎಷ್ಟು ಅಂತ ಗೊತ್ತು.

ಇದಕ್ಕಿಂತ ಅನ್ಯಾಯ ಒಂದಿದೆ. ಮತ್ತೆ ತುಂಬಬಹುದಾದ ಸೆಲ್ಲನ್ನೇ ಹಾಕಿ, ತುಂಬುವ ತೂತನ್ನೇ ಇಡದೆ, ಒಂದೇ ಸಲ ಬಳಸಿ ಬಿಸಾಕಿ ಎಂದು ಮಾರುವ ಸಾಮಾನುಗಳು. ಹೊಗೆ ಎಳೆಯುವ ಇ-ಸಿಗರೇಟನ್ನು ನಮ್ಮ ದೇಶ ೨೦೧೯ರಲ್ಲಿ ನಿಷೇಧಿಸಿತು, ಒಳ್ಳೆಯದೇ ಆಯಿತು. ಬ್ರಿಟನ್ನಿನಲ್ಲಿ ಒಂದೇ ಸಲದ ಇ-ಸಿಗರೇಟುಗಳ ಒಳಗಿನ ಸೆಲ್ಲನ್ನು ತೆಗೆದು ಪರೀಕ್ಷೆ ಮಾಡಿ ೨೦೨೩ರಲ್ಲಿ ಪ್ರಕಟಿಸಿದವರು, ಅವು ನೂರಾರು ಸಲ ಚಾರ್ಜು ಹಿಡಿಯುತ್ತವೆ ಎಂದು ಕಂಡರು. ಅಂಥ ಸಾಮಾನನ್ನು ಅಲ್ಲಿ ೨೦೨೫ರ ಜೂನ್ ೧ರಿಂದ ನಿಲ್ಲಿಸಿದರು. ನೂರಾರು ದಿನ ದುಡಿಯಬಲ್ಲವನನ್ನು ಒಂದು ದಿನ ದುಡಿಸಿಕೊಂಡು ಬೀದಿಗೆ ಎಸೆಯುವುದು ನಮಗೆ ಹೊಸ ಸುದ್ದಿಯಲ್ಲ. ಜೀತ ಮಾಡಿದ ಮನೆಯವರಿಗೆ ಅರ್ಥವಾಗುತ್ತದೆ.

ಈಗ ಮಂಡಿ ಮೊಹಲ್ಲಾದ ಒಂದು ಗುಜರಿ ಅಂಗಡಿಗೆ ಬನ್ನಿ. ಅಲ್ಲಿ ಒಬ್ಬಳು ಅಕ್ಕ ರಾಶಿಯ ಮುಂದೆ ಕೂತು ಸಾಮಾನು ಬೇರೆ ಮಾಡುತ್ತಾಳೆ. ಕಬ್ಬಿಣ ಒಂದು ಕಡೆ, ಪ್ಲಾಸ್ಟಿಕ್ಕು ಒಂದು ಕಡೆ, ಬೋರ್ಡು ಒಂದು ಕಡೆ. ಅವಳ ಕೈಗೆ ನಾವು ಎರಡು ದುಂಡು ಸೆಲ್ಲು ಕೊಟ್ಟೆವು. ಒಂದರ ಮೇಲೆ ೯೯೦೦ ಎಂದು ಅಚ್ಚು ಹಾಕಿತ್ತು, ಇನ್ನೊಂದರ ಮೇಲೆ ೨೨೦೦. ಓದಲು ಬರುವ ನಾವು ದೊಡ್ಡ ಸಂಖ್ಯೆಯದೇ ದೊಡ್ಡದು ಎಂದುಕೊಂಡೆವು. ಅಕ್ಕ ಎರಡನ್ನೂ ಅಂಗೈಯಲ್ಲಿ ತೂಗಿ ನೋಡಿ ೯೯೦೦ರದನ್ನು ಪಕ್ಕಕ್ಕೆ ಎಸೆದಳು. "ಇದು ಮೋಸದ್ದು ಕಣಣ್ಣ. ಒಳಗೆ ಏನೂ ಇಲ್ಲ, ಹಗುರ." ಮೀಟರಿಗೆ ಹಾಕಿದರೆ ಅವಳು ಹೇಳಿದ್ದೇ ನಿಜ. ಆ ಗಾತ್ರದ ಸೆಲ್ಲಿನಲ್ಲಿ ೯೯೦೦ ಹಿಡಿಸುವುದಕ್ಕೆ ಸಾಧ್ಯವೇ ಇಲ್ಲ. ನಾಲ್ಕು ಸಾವಿರ ಮುಟ್ಟುವುದೇ ಕಷ್ಟ. ಅಚ್ಚಾದ ಅಕ್ಷರ ಸುಳ್ಳು ಹೇಳುತ್ತಿತ್ತು, ಅಕ್ಷರ ಬಾರದ ಕೈ ನಿಜ ಹೇಳುತ್ತಿತ್ತು. ಪುರಾಣ ಓದಿಸಿಕೊಂಡು ಮೋಸ ಹೋದ ಜನರ ಮಕ್ಕಳಾದ ನಾವು ಆ ಅಕ್ಕನ ಮುಂದೆ ನಾಚಿಕೊಂಡೆವು.

ಆದರೆ ಆ ಅಕ್ಕ ಒಳ್ಳೇ ಸೆಲ್ಲನ್ನು ಏನು ಮಾಡುತ್ತಾಳೆ? ಚೀಲಕ್ಕೆ ಹಾಕುತ್ತಾಳೆ. ಚೀಲ ತಕ್ಕಡಿಗೆ ಹೋಗುತ್ತದೆ. ಕೆಜಿ ಲೆಕ್ಕದಲ್ಲಿ ಹೋಗುತ್ತದೆ. ಬದುಕಿದ್ದೂ ಸತ್ತದ್ದೂ ಒಂದೇ ತೂಕ, ಒಂದೇ ರೇಟು. ಅದೇ ಚೀಲ ಇನ್ನೊಂದು ಕೈಗೆ ಹೋಗಿ, ಆ ಕೈಯಲ್ಲಿ ಮುನ್ನೂರು ರೂಪಾಯಿ ಆಸುಪಾಸಿನ ಒಂದು ಮೀಟರು ಇದ್ದರೆ, ಅವನು ಬದುಕಿದ್ದನ್ನು ಆರಿಸಿ ಒಂದೊಂದನ್ನೂ ಎಣಿಸಿ ಮಾರುತ್ತಾನೆ. ಗೆಳೆಯರೇ, ನಮ್ಮ ವಾದ ಪೂರ್ತಿ ಈ ಜಾಗದಲ್ಲಿದೆ. ಕೆಜಿ ಲೆಕ್ಕದಿಂದ ಬಿಡಿ ಲೆಕ್ಕಕ್ಕೆ ಹೋಗುವ ನಡುವೆ ಇರುವುದು ಒಂದು ಮೀಟರು, ಅದನ್ನು ಓದುವ ವಿದ್ಯೆ, ಕೂತು ಮಾಡಲು ಒಂದು ಬೆಂಚು. ಇಷ್ಟೇ. ಇಷ್ಟನ್ನು ನಮ್ಮ ಜನರ ಕೈಗೆ ಬಾರದಂತೆ ಇಟ್ಟಿರುವುದರಿಂದಲೇ ಅವರು ಮಾಡುವುದು ಕಸದ ಕೆಲಸ. ಇಷ್ಟು ಬಂದರೆ ಅದೇ ಕೆಲಸ ಎಲೆಕ್ಟ್ರಿಕ್ ಕೆಲಸ. ಹಿಂದೆ ಅಕ್ಷರವನ್ನು ಹೀಗೇ ದೂರ ಇಟ್ಟಿದ್ದರಲ್ಲ?

ಇದು ಬರೀ ನಮ್ಮ ಅನುಮಾನ ಅಲ್ಲ. ಈ ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಸ್ತುಪ್ರದರ್ಶನಕ್ಕೆ ನಾವು ಹೋಗಿದ್ದೆವು. ಹಳೇ ಲ್ಯಾಪ್‌ಟಾಪಿನ ಸೆಲ್ಲು ಬಿಚ್ಚಿ ಪವರ್ ಬ್ಯಾಂಕು ಮಾಡಿದ್ದ ಒಬ್ಬ ಹುಡುಗನಿಗೆ ಬಹುಮಾನ ಬಂತು, ಶಾಲು ಹೊದಿಸಿದರು, ಆವಿಷ್ಕಾರ ಎಂದರು. ಹುಡುಗ ಒಳ್ಳೆಯವನೇ, ಚೆನ್ನಾಗಿ ಮಾಡಿದ್ದ, ಅವನ ಮೇಲೆ ನಮಗೆ ಏನೂ ಇಲ್ಲ. ಸೆಲ್ಲು ಎಲ್ಲಿಂದ ತಂದೆ ಅಂತ ಕೇಳಿದರೆ ಗುಜರಿಯಿಂದ ಅಂದ. ಅದೇ ವರ್ಷ ಅಂಥದೇ ಹಳೇ ಬ್ಯಾಟರಿಗಳ ಚೀಲ ಹೊತ್ತು ಸಂಜೆ ಹೋಗುತ್ತಿದ್ದ ನಮ್ಮ ಪರಿಚಯದ ಒಬ್ಬ ಹುಡುಗನನ್ನು ಪೊಲೀಸಿನವರು ಹಿಡಿದು ಎಲ್ಲಿ ಕದ್ದೆ ಎಂದು ರಾತ್ರಿಯೆಲ್ಲ ಕೂರಿಸಿದರು. ಸೆಲ್ಲು ಒಂದೇ. ಚೀಲ ಒಂದೇ. ಒಬ್ಬನ ಕೈಯಲ್ಲಿ ಅದು ಆವಿಷ್ಕಾರ, ಇನ್ನೊಬ್ಬನ ಕೈಯಲ್ಲಿ ಕಳ್ಳಮಾಲು. ಕೈಯ ಜಾತಿ ನೋಡಿ ಸೆಲ್ಲಿನ ಜಾತಿ ಗೊತ್ತುಮಾಡುವ ವಿದ್ಯೆ ಯಾವ ಮೀಟರಿನಲ್ಲಿದೆ?

ಬೆಂಗಳೂರಿನ ಒಂದು ಉದಾಹರಣೆ ಹೇಳಲೇಬೇಕು. ಐಬಿಎಂ ಕಂಪನಿಯ ಅಲ್ಲಿನ ಸಂಶೋಧಕರು ೨೦೧೪ರಲ್ಲಿ 'ಉರ್ಜಾರ್' ಎಂಬ ಪೆಟ್ಟಿಗೆ ಮಾಡಿದರು. ಬಿಸಾಕಿದ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಸೆಲ್ಲು ತೆಗೆದು ಎಲ್‌ಇಡಿ ದೀಪ ಉರಿಸುವ ಪೆಟ್ಟಿಗೆ. ಅವರು ಪರೀಕ್ಷೆ ಮಾಡಿ ನೋಡಿದಾಗ ಬಿಸಾಕಿದ ಬ್ಯಾಟರಿಗಳಲ್ಲಿ ಅರ್ಧದಷ್ಟಾದರೂ ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು, ಒಂದು ವರ್ಷ ಕಾಲ ದೀಪ ಉರಿಸಲು ಸಾಕು ಎಂದು ಕಂಡುಬಂತು. ಬೆಂಗಳೂರಿನ ಸ್ಲಮ್ಮಿನವರಿಗೆ, ಗಾಡಿ ಇಟ್ಟುಕೊಂಡು ವ್ಯಾಪಾರ ಮಾಡುವವರಿಗೆ ಕೊಟ್ಟು ನೋಡಿದರು. ಪ್ರಪಂಚದ ಪತ್ರಿಕೆಗಳಲ್ಲಿ ಬಂತು. ಕೆಲಸ ಒಳ್ಳೆಯದು. ಆದರೆ ಹತ್ತು ವರ್ಷ ದಾಟಿತು, ನಮ್ಮ ಯಾವ ಕೇರಿಯಲ್ಲೂ ಆ ಪೆಟ್ಟಿಗೆಯನ್ನು ನಾವು ಕಾಣಲಿಲ್ಲ. ಬಡವರು ಆ ದೀಪ ಪಡೆಯುವವರಾಗಿ ಬಂದರು, ಮಾಡುವವರಾಗಿ ಬರಲಿಲ್ಲ. ಮಾಡುವ ವಿದ್ಯೆ ಲ್ಯಾಬಿನಲ್ಲೇ ಉಳಿದರೆ ದೀಪವೂ ಅಲ್ಲೇ ಉಳಿಯುತ್ತದೆ.

ಬೆಳಕಿನ ಕಥೆ ನಮ್ಮ ಕಡೆ ಮೊದಲಿನಿಂದಲೂ ಹೀಗೇ. ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದದ್ದು ೧೯೦೨ರಲ್ಲಿ. ಅದು ಸುತ್ತಲ ಹಳ್ಳಿಗೆ ಬರಲಿಲ್ಲ. ಹಟ್ಟಿಗಳ ತಲೆಯ ಮೇಲೆ ತಂತಿ ಎಳೆದು ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರು. ಬೆಂಗಳೂರಿಗೆ ೧೯೦೫ರಲ್ಲಿ ಬಂತು, ಮೈಸೂರಿಗೆ ೧೯೦೮ರಲ್ಲಿ. ಕೇರಿಗೆ ಭಾಗ್ಯಜ್ಯೋತಿಯ ಒಂಟಿ ಬಲ್ಬು ಬರುವ ಹೊತ್ತಿಗೆ ಎರಡು ತಲೆಮಾರು ಕತ್ತಲಲ್ಲಿ ಕಳೆದುಹೋಗಿತ್ತು. ೧೯೪೨ರಿಂದ ೧೯೪೬ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬರು ಈ ದೇಶದ ವಿದ್ಯುತ್ ನೀತಿಯ ಸಮಿತಿಯಲ್ಲಿ ಕೂತು ಕೆಲಸ ಮಾಡಿದವರು ಅನ್ನುವುದನ್ನು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡುವುದಿಲ್ಲ. ವಿದ್ಯುತ್ತು ನಮ್ಮ ಚಳುವಳಿಯ ವಿಷಯ ಅಲ್ಲ ಅನ್ನುವವರು ಅದನ್ನು ನೆನಪಿಡಬೇಕು.

ಇನ್ನು ಕಾನೂನು. ೨೦೦೧ರ ಬ್ಯಾಟರಿ ನಿಯಮಗಳು ಸೀಸದ ಬ್ಯಾಟರಿಯನ್ನು ಮಾತ್ರ ನೋಡಿದವು. ಲೀಥಿಯಂ ಸೇರಿ ಎಲ್ಲ ಬ್ಯಾಟರಿಗಳಿಗೂ ನಿಯಮ ಬಂದದ್ದು ೨೦೨೨ರ ಆಗಸ್ಟಿನಲ್ಲಿ. ಮಾರಿದ ಕಂಪನಿಯೇ ಹಳೇ ಬ್ಯಾಟರಿಗೆ ಹೊಣೆ ಎಂದು ಅದರಲ್ಲಿದೆ, ಸರಿಯಾದ ಮಾತು. ಬ್ಯಾಟರಿಯನ್ನು ಮತ್ತೆ ಬಳಕೆಗೆ ತರುವವನು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಬೇಕು ಎಂದೂ ಇದೆ. ನೋಂದಾಯಿಸಲಿ, ಬೇಡ ಅನ್ನುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಅರ್ಜಿ, ಜಾಗದ ಪತ್ರ, ಜಿಎಸ್‌ಟಿ ನಂಬರು ಎಂದರೆ ತಳ್ಳುಗಾಡಿಯವನು ಎಲ್ಲಿಗೆ ಹೋಗಬೇಕು? ಎಲೆಕ್ಟ್ರಾನಿಕ್ ಕಸದ ಹೊಸ ನಿಯಮಗಳು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದವು. ಅವು ನೋಂದಣಿ ಮಾಡುವುದು ತಯಾರಕರನ್ನು, ಉತ್ಪಾದಕರನ್ನು, ದುರಸ್ತಿ ಮಾಡಿ ಮಾರುವವರನ್ನು, ಮರುಬಳಕೆ ಕಾರ್ಖಾನೆಯವರನ್ನು. ಬೀದಿಯಲ್ಲಿ ಆರಿಸುವವರಿಗೆ ಅಲ್ಲಿ ಜಾಗವಿಲ್ಲ. ಆದರೆ ಅದೇ ನಿಯಮಗಳಲ್ಲಿ, ಅದಕ್ಕೂ ಮೊದಲಿನ ೨೦೧೬ರ ನಿಯಮಗಳಲ್ಲೂ, ಒಂದು ಮೂಲೆಯಲ್ಲಿ ರಾಜ್ಯ ಸರ್ಕಾರಕ್ಕೆ ಒಂದು ಕೆಲಸ ಹೇಳಿದೆ. ಇಂಥ ಸಾಮಾನು ಬಿಚ್ಚುವ, ಮರುಬಳಕೆ ಮಾಡುವ ಕಾರ್ಮಿಕರನ್ನು ಕಾರ್ಮಿಕ ಇಲಾಖೆ ಗುರುತಿಸಿ ಪಟ್ಟಿ ಮಾಡಬೇಕು, ಅವರು ಗುಂಪು ಕಟ್ಟಿಕೊಳ್ಳಲು ನೆರವಾಗಬೇಕು, ತರಬೇತಿ ಕೊಡಬೇಕು, ಅವರ ಆರೋಗ್ಯ ನೋಡಬೇಕು. ಕೆಲಸ ಮಾಡಲು ಶೆಡ್ಡು, ಜಾಗ ಮೀಸಲಿಡಬೇಕು ಎಂದೂ ಇದೆ. ವಕೀಲ ಗೆಳೆಯರು ಇದನ್ನು ತೋರಿಸಿದಾಗ ನಮಗೇ ನಂಬಿಕೆ ಬರಲಿಲ್ಲ. ಮೈಸೂರಿನ ಆ ಪಟ್ಟಿ ತೋರಿಸಿ. ಮಂಡಿ ಮೊಹಲ್ಲಾದ ಅಕ್ಕನ ಹೆಸರು ಅದರ ಯಾವ ಪುಟದಲ್ಲಿದೆ? ಈ ಪ್ರಶ್ನೆಯನ್ನು ಮಾಹಿತಿ ಹಕ್ಕಿನ ಅರ್ಜಿಯಾಗಿ ಹಾಕುತ್ತಿದ್ದೇವೆ. ನಿಮ್ಮ ನಿಮ್ಮ ಜಿಲ್ಲೆಯಲ್ಲಿ ನೀವೂ ಹಾಕಿ.

ಕಾನೂನು ನೋಡದೆ ಬಿಟ್ಟ ಇನ್ನ್ಯಾರೋ ಇದ್ದಾರೆ, ಅವರನ್ನು ನೋಡದೆ ಬಿಟ್ಟವರು ನಾವೂ ಹೌದು. ಗುಜರಿಯ ಕೆಲಸದಲ್ಲಿ ನಮ್ಮ ಕೇರಿಯ ಮಕ್ಕಳ ಜೊತೆ ಮುಸಲ್ಮಾನರ ಮಕ್ಕಳೂ ಇದ್ದಾರೆ. ಉದಯಗಿರಿ ಕಡೆಗೆ ನಮ್ಮ ಚಳುವಳಿ ಎಷ್ಟು ಸಲ ಹೋಗಿದೆ? ಭಾಷಣದಲ್ಲಿ ಶೋಷಿತರೆಲ್ಲ ಒಂದು ಎನ್ನುತ್ತೇವೆ, ಟೀ ಕುಡಿಯಲು ಮಾತ್ರ ನಮ್ಮ ಬೀದಿಗೇ ವಾಪಸ್ಸು ಬರುತ್ತೇವೆ.

ಈ ಸೆಲ್ಲಿನ ಒಳಗಿನ ಮಣ್ಣು ಎಲ್ಲಿಯದು ಅಂತಲೂ ಕೇಳಬೇಕು. ಕೋಬಾಲ್ಟು ಎಂಬ ಲೋಹ ಜಗತ್ತಿಗೆ ಬರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕಾದ ಕಾಂಗೋದಿಂದ. ಅಲ್ಲಿ ಮಕ್ಕಳು ಕೈಯಿಂದ ಗುಂಡಿ ತೋಡಿ ಅದನ್ನು ತೆಗೆಯುವುದನ್ನು ಆಮ್ನೆಸ್ಟಿಯವರು ೨೦೧೬ರಲ್ಲಿ ವರದಿ ಮಾಡಿದರು. ದೂರದ ಮಾತು ಬಿಡಿ. ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣದ ಕಡೆ ಲೀಥಿಯಂ ಇದೆ ಎಂದು ಕೆಲವು ವರ್ಷದ ಹಿಂದೆ ದೊಡ್ಡ ಸುದ್ದಿಯಾಯಿತು. ಮೊದಲು ೧೪,೧೦೦ ಟನ್ ಎಂದರು. ೨೦೨೧ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿದ್ದು ೧,೬೦೦ ಟನ್, ಅದೂ ಅಂದಾಜು. ಅದಕ್ಕಾಗಿ ಒಂದು ದಿನ ಅಲ್ಲಿಯ ನೆಲ ಅಗೆಯುತ್ತಾರೋ ಏನೋ. ಅಗೆದರೆ ಗಣಿಯೊಳಗೆ ಇಳಿಯುವವರು ಯಾರು, ಗಣಿ ಮುಚ್ಚಿದ ಮೇಲೆ ಉಳಿಯುವ ದೂಳು ತಿನ್ನುವವರು ಯಾರು ಅಂತ ಕೆಜಿಎಫ್‌ನವರನ್ನು ಕೇಳಿ. ಅಲ್ಲಿ ೨೦೦೧ರಲ್ಲಿ ಬಾಗಿಲು ಹಾಕಿದರು, ಸಯನೈಡಿನ ಗುಡ್ಡಗಳು ಇನ್ನೂ ನಿಂತಿವೆ. ಮಂಡ್ಯದಲ್ಲಿ ನೆಲದೊಳಗಿನ ಲೀಥಿಯಂ ಹುಡುಕುವ ಸರ್ಕಾರಕ್ಕೆ ಮೈಸೂರಿನ ಕಸದ ಗಾಡಿಯಲ್ಲಿ ತಯಾರಾಗಿ ಕೂತಿರುವ ಲೀಥಿಯಂ ಕಾಣುವುದಿಲ್ಲ.

ಕಂಪನಿಗಳವರು ಒಂದು ಮಾತು ಹೇಳುತ್ತಾರೆ. ಬಿಚ್ಚುವುದು ಅಪಾಯ, ಎಲ್ಲವನ್ನೂ ಕಾರ್ಖಾನೆಗೆ ಕೊಡಿ, ಅಲ್ಲಿ ಪುಡಿ ಮಾಡಿ ಲೋಹ ತೆಗೆಯುತ್ತೇವೆ ಅಂತ. ಸತ್ತ ಸೆಲ್ಲಿಗೆ ಅದೇ ದಾರಿ, ನಮ್ಮ ತಕರಾರಿಲ್ಲ. ಬದುಕಿರುವ ಸೆಲ್ಲನ್ನು ಪುಡಿ ಮಾಡುವುದು ಯಾವ ನ್ಯಾಯ? ಬಿಚ್ಚುವುದು ಅಪಾಯವಾದದ್ದು ಯಾರಿಂದ? ಸ್ಕ್ರೂ ಇರಬೇಕಾದ ಕಡೆ ಗೋಂದು ಹಾಕಿದವರು ಯಾರು? ನಮ್ಮ ಊರಿನಲ್ಲೇ ಯಾದವಗಿರಿಯಲ್ಲಿ ಜಾವಾ ಮೋಟಾರ್ ಸೈಕಲ್ ತಯಾರಾಗುತ್ತಿತ್ತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಇವತ್ತಿಗೂ ಮೈಸೂರಿನ ರಸ್ತೆಯಲ್ಲಿ ಜಾವಾ ಗುಡುಗುಡು ಅನ್ನುತ್ತಾ ಹೋಗುತ್ತದೆ. ಯಾಕೆ? ಬೀದಿ ಬದಿಯ ಮೆಕ್ಯಾನಿಕ್ಕು ಸ್ಪ್ಯಾನರು ಹಿಡಿದು ಬಿಚ್ಚಬಹುದು, ಅದಕ್ಕೆ. ಅವನನ್ನು ಯಾರೂ ಕಸದವನು ಅನ್ನಲಿಲ್ಲ, ಮೇಸ್ತ್ರಿ ಅಂದರು. ಯೂರೋಪಿನಲ್ಲಿ ೨೦೨೭ರ ಫೆಬ್ರವರಿಯಿಂದ ಸಣ್ಣ ಸಾಮಾನುಗಳ ಬ್ಯಾಟರಿಯನ್ನು ಕೊಂಡವನೇ ತೆಗೆದು ಹಾಕಲು ಬರುವಂತೆ ಇಡಬೇಕೆಂದು ಕಾನೂನು ಮಾಡಿದ್ದಾರೆ. ಅದೇ ಕಂಪನಿಗಳು ಅಲ್ಲಿಗೆ ಸ್ಕ್ರೂ ಕೊಟ್ಟು ಇಲ್ಲಿಗೆ ಗೋಂದು ಕಳಿಸಿದರೆ ಒಪ್ಪಬೇಕಾ?

ಅಪಾಯ ಇಲ್ಲ ಅಂತ ನಾವು ಹೇಳುವುದಿಲ್ಲ. ಹಾಗೆ ಹೇಳುವವನು ನಮ್ಮ ಮಕ್ಕಳ ಶತ್ರು. ಉಬ್ಬಿದ ಚಪ್ಪಟೆ ಸೆಲ್ಲನ್ನು ಒತ್ತಬಾರದು, ಚುಚ್ಚಬಾರದು. ಎರಡು ವೋಲ್ಟಿಗಿಂತ ಕೆಳಗೆ ಬಿದ್ದು ಬಹಳ ದಿನ ಕಳೆದ ಸೆಲ್ಲನ್ನು ಎಬ್ಬಿಸಲು ಹೋಗಬಾರದು. ಒಳಗಿನ ತಾಮ್ರ ಕರಗಿರುತ್ತದೆ, ಚಾರ್ಜು ಮಾಡಿದರೆ ಒಳಗೇ ಶಾರ್ಟಾಗಿ ಹತ್ತಿಕೊಳ್ಳಬಹುದು. ಚಾರ್ಜು ಮಾಡುವಾಗ ಬಿಸಿಯಾಗುವುದನ್ನು ಬೇರೆ ಇಡಬೇಕು. ತುಂಬಿಸಿ ಒಂದೆರಡು ವಾರ ಸುಮ್ಮನೆ ಇಟ್ಟು, ವೋಲ್ಟು ಇಳಿದುಹೋದರೆ ಅದೂ ಬೇಡ. ಲೀಥಿಯಂಗೆ ಆಗಿಬರುವ ಚಾರ್ಜರನ್ನೇ ಬಳಸಬೇಕು, ರಾತ್ರಿ ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಡಬಾರದು. ಸೆಲ್ಲಿಗೆ ನೇರ ಬೆಸುಗೆ ಹಾಕಿ ಕಾಯಿಸಬಾರದು. ಹಲವು ಸೆಲ್ಲು ಕೂಡಿಸುವಾಗ ಕಾವಲು ಸರ್ಕ್ಯೂಟು ಇಲ್ಲದೆ ಕೂಡಿಸಬಾರದು. ಆದ್ದರಿಂದ ನಮ್ಮ ತರಗತಿಯಲ್ಲಿ ಮೊದಲು ಒಂದೇ ಸೆಲ್ಲಿನ ದೀಪ, ಅಷ್ಟೇ. ಹದಿನೆಂಟು ತುಂಬದವರು ಬಿಚ್ಚುವ ಕೆಲಸ ಮಾಡುವಂತಿಲ್ಲ. ಶಾಲೆ ಮಕ್ಕಳು ಮೀಟರು ಓದುವುದನ್ನು ಕಲಿಯಲಿ, ಬಿಚ್ಚುವುದು ದೊಡ್ಡವರ ಕೆಲಸ. ಈ ಮಾತಿನಲ್ಲಿ ರಾಜಿ ಇಲ್ಲ. ಮಕ್ಕಳ ಕೈಗೆ ಚಿಮ್ಮಟ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಸಂಸ್ಥೆಗಳನ್ನು ನಾವು ಹತ್ತಿರ ಸೇರಿಸುವುದಿಲ್ಲ.

ಈಗ ಆ ಹಿರಿಯರಿಗೆ ನೇರವಾಗಿ.

ಅಣ್ಣಾ, ನಿಮ್ಮ ಮೊಮ್ಮಗ ಓದಲಿ. ಡಾಕ್ಟರಾಗಲಿ, ವಕೀಲನಾಗಲಿ, ಬ್ಯಾಟರಿಯ ತಂಟೆಯೇ ಬೇಡ ಅನ್ನಲಿ. ಅವನು ಇದನ್ನು ಮಾಡಲೇಬೇಕು ಅಂತ ನಾವು ಹೇಳಿದ ದಿನ ನೀವು ಟವೆಲ್ಲು ಕೊಡವಿ ಎದ್ದು ಹೋಗುವುದೇ ಸರಿ. ನಿಮ್ಮಪ್ಪನಿಗೆ ಆ ಬುಟ್ಟಿ ಹುಟ್ಟಿನಿಂದ ಬಂತು, ಬೇಡ ಅನ್ನುವ ಹಕ್ಕಿರಲಿಲ್ಲ, ಕಲಿಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ, ಬೆಲೆ ಹೇಳುವ ಬಾಯಿ ಇರಲಿಲ್ಲ. ಆ ನಾಲ್ಕರಲ್ಲಿ ಒಂದು ಉಳಿದರೂ ಸೆಲ್ಲಿನ ಕೆಲಸವೂ ಅದೇ ಬುಟ್ಟಿಯೇ. ಅದಕ್ಕೇ ನಾವು ಷರತ್ತು ಹಾಕುತ್ತಿದ್ದೇವೆ. ಕೈಗವಸು, ಕನ್ನಡಕ, ಮರಳಿನ ಬಕೆಟ್ಟು ಮೊದಲು, ಸೆಲ್ಲು ಆಮೇಲೆ. ಕಾನೂನಿನಲ್ಲಿ ಬರೆದಿರುವ ಶೆಡ್ಡು ಕೊಡಲಿ, ಅದು ಸೂಯೇಜ್ ಫಾರಂ ಪಕ್ಕದಲ್ಲಿ ಬೇಡ, ಊರ ನಡುವೆ ಕೊಡಲಿ. ಸರ್ಕಾರಿ ಐಟಿಐನಲ್ಲಿ ಈ ಕಸುಬನ್ನು ಪಾಠ ಮಾಡಿ ಸರ್ಟಿಫಿಕೇಟು ಕೊಡಲಿ, ಆ ಪಾಠಕ್ಕೆ ಮೊದಲ ಮೇಷ್ಟ್ರಾಗಿ ಮಂಡಿ ಮೊಹಲ್ಲಾದ ಅಕ್ಕನನ್ನು ಸಂಬಳ ಕೊಟ್ಟು ಕರೆಸಲಿ. ಕಂಪನಿಗಳು ಹಳೇ ಬ್ಯಾಟರಿಗೆ ಕೊಡುವ ಹಣ ಆರಿಸಿದ ಕೈಗೆ ಬಿಡಿ ಲೆಕ್ಕದಲ್ಲಿ ಸೇರಲಿ. ಎಲ್ಲ ಜಾತಿಯ ಹುಡುಗರೂ ಬಂದು ಕಲಿಯಲಿ. ಬ್ರಾಹ್ಮಣರ ಹುಡುಗ, ಗೌಡರ ಹುಡುಗ ಪಕ್ಕದಲ್ಲಿ ಕೂತು ಬ್ಯಾಟರಿ ಬಿಚ್ಚುವ ತನಕ ಇದು ಕಸುಬು ಅಂತ ನಾವೂ ನಂಬುವುದಿಲ್ಲ. ಇವು ಆಗದಿದ್ದರೆ ಚೀಲವನ್ನು ಒಯ್ದು ಮಾರಿದವರ ಅಂಗಡಿ ಬಾಗಿಲಿಗೇ ಸುರಿಯುತ್ತೇವೆ. ಕಾನೂನಿನ ಪ್ರಕಾರ ಅದು ಅವರದೇ ಹೊಣೆ ತಾನೆ?

ಇದನ್ನು ಬರೆದ ಮೇಲೆ ಹಿರಿಯರ ಮನೆಗೆ ಹೋಗಿದ್ದೆವು. ಮೊಮ್ಮಗ ಓದಿ ಹೇಳಿದ. ಅವರು ಬಹಳ ಹೊತ್ತು ಸುಮ್ಮನಿದ್ದು, "ಕೈಗವಸು ಕೊಡ್ತೀವಿ ಕೊಡ್ತೀವಿ ಅಂತ ನಮಗೂ ಹೇಳಿದ್ರು. ಎಷ್ಟು ವರ್ಷ ಆದ್ಮೇಲೆ ಕೊಟ್ರು ಗೊತ್ತಾ?" ಅಂದರು. ಒಪ್ಪಿದೆ ಅನ್ನಲಿಲ್ಲ. ನಾವು ಏಳುವ ಹೊತ್ತಿಗೆ ಅಟ್ಟದ ಮೇಲಿದ್ದ ಒಂದು ಹಳೇ ಚಾರ್ಜಿಂಗ್ ಟಾರ್ಚು ತೆಗೆಸಿ ಮೊಮ್ಮಗನ ಕೈಗೆ ಕೊಟ್ಟರು. "ಇದು ಬದುಕದೋ ಸತ್ತದೋ ನೋಡ್ರಪ್ಪ."

ತರಗತಿ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಮೀಟರು ಎರಡಿವೆ, ಇನ್ನೂ ಮೂರು ಬೇಕು. ಕೈಗವಸು ಹನ್ನೆರಡು ಜೊತೆ ತಂದಿದ್ದೇವೆ. ಉದಯಗಿರಿಯಿಂದ ನಾಲ್ಕು ಜನ ಬರುತ್ತೇವೆ ಅಂದಿದ್ದಾರೆ.